ಗ್ಲೈಡರ್ ಪೈಲಟ್ ದೊಡ್ಡ ವಿಮಾನದಿಂದ ತಪ್ಪಿಸಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವನು. ಗ್ಲೈಡರ್ ಹಾರಿಸೋದನ್ನು ಊರು ಬಿಟ್ಟು ಹೊರಗೆ ಹೋಗಿ ಕಲಿತೆ. ನಮ್ಮ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾದ ಮೇಲೆ ಊರಿನ ಹುಡುಗರಿಗೆ ಆಕಾಶ ನೋಡುವ ಚಟ ಹತ್ತಿದೆ. ಎನ್‌ಸಿಸಿ ಹುಡುಗ ಹುಡುಗಿಯರು, ಅಕ್ಕನ ಮಗನ ಗೆಳೆಯರು, ಮಕ್ಕಳನ್ನು ಕಳಿಸಬೇಕೋ ಬೇಡವೋ ಅಂತ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಗ್ಲೈಡರ್ ಅಂದ್ರೆ ಬೆನ್ನಿಗೆ ಕಟ್ಟಿಕೊಂಡು ಗುಡ್ಡದಿಂದ ಹಾರ್ತಾರಲ್ಲ, ಅದೇನಾ?

ಅಲ್ಲ. ಅದು ಪ್ಯಾರಾಗ್ಲೈಡರ್ ಅಥವಾ ಹ್ಯಾಂಗ್ ಗ್ಲೈಡರ್. ನಾನು ಹೇಳುತ್ತಿರೋದು ನಿಜವಾದ ವಿಮಾನದ ಹಾಗೇ ರೆಕ್ಕೆ, ಬಾಲ, ಗಾಜಿನಂಥ ಮುಚ್ಚಳ, ಒಂದೋ ಎರಡೋ ಸೀಟು ಇರುವ ಗ್ಲೈಡರ್ ಬಗ್ಗೆ. ಇಂಜಿನ್ ಒಂದಿಲ್ಲ, ಅಷ್ಟೆ. ಪುಣೆಯ ಹಡಪ್ಸರ್‌ನಲ್ಲಿ ಸರ್ಕಾರದ್ದೇ ಗ್ಲೈಡಿಂಗ್ ಸೆಂಟರ್ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಲೋಹೆಗಾಂವ್ ವಿಮಾನ ನಿಲ್ದಾಣ. ಅಲ್ಲಿ ಪ್ರಯಾಣಿಕರ ವಿಮಾನವೂ ಇಳಿಯುತ್ತೆ, ವಾಯುಪಡೆಯ ಯುದ್ಧ ವಿಮಾನವೂ ಏಳುತ್ತೆ. ಒಂದೇ ಆಕಾಶವನ್ನು ಹಂಚಿಕೊಳ್ಳೋದು ಅಂದರೆ ಏನು ಅಂತ ಗೊತ್ತಾಗಬೇಕಾದರೆ ನಕ್ಷೆಯಲ್ಲಿ ಈ ಎರಡು ಜಾಗ ನೋಡಿ.

ಇಂಜಿನ್ನೇ ಇಲ್ಲ ಅಂದ್ಮೇಲೆ ದೊಡ್ಡ ವಿಮಾನದ ಎತ್ತರಕ್ಕೆ ಹೋಗೋದು ಹೇಗೆ?

ಮೊದಲು ವಿಂಚ್ (ನೆಲದ ಮೇಲಿದ್ದು ಹಗ್ಗ ಸುತ್ತಿ ಎಳೆಯುವ ಯಂತ್ರ) ಅಥವಾ ಇನ್ನೊಂದು ವಿಮಾನ ಹಗ್ಗ ಕಟ್ಟಿ ಮೇಲಕ್ಕೆಳೆಯುತ್ತೆ. ಹಗ್ಗ ಬಿಟ್ಟ ಮೇಲೆ ಬಿಸಿಲೇ ಇಂಜಿನ್. ಬಿಸಿಯಾದ ನೆಲದ ಮೇಲಿನ ಗಾಳಿ ಹಗುರಾಗಿ ಕಂಬದ ಹಾಗೆ ಮೇಲೇಳುತ್ತೆ. ಅದನ್ನು ಥರ್ಮಲ್ ಅನ್ನುತ್ತಾರೆ. ತೊಗರಿ ಕೊಯ್ದು ಬೋಳಾದ ನಮ್ಮ ಕರಿ ಎರೆ ಹೊಲ, ಯಾದಗಿರಿಯ ಬಂಡೆಗುಡ್ಡ, ಇವು ಏಪ್ರಿಲ್ ಮಧ್ಯಾಹ್ನ ಹೇಗೆ ಕಾಯುತ್ತವೆ ಅಂತ ನಿಮಗೆ ಹೇಳಬೇಕಿಲ್ಲ. ಹೊಲದಲ್ಲಿ ಸುಂಟರಗಾಳಿ ಧೂಳೆಬ್ಬಿಸಿಕೊಂಡು ಓಡುತ್ತಲ್ಲ, ಅದು ಥರ್ಮಲ್‌ನ ಬುಡ. ಮೇಲೆ ಹದ್ದು ರೆಕ್ಕೆ ಬಡಿಯದೇ ಸುತ್ತುತ್ತಿದ್ದರೆ ಅದೇ ಥರ್ಮಲ್‌ನ ನಡು. ಗ್ಲೈಡರ್ ಮಾಡೋದೂ ಹದ್ದಿನ ಕೆಲಸವನ್ನೇ.

ಈಗ ಇನ್ನೊಂದು ಕಡೆಯಿಂದ ನೋಡಿ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತೆ. ಅಂದರೆ ರನ್‌ವೇಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಅದು ನೆಲದಿಂದ 3,000 ಅಡಿ ಮೇಲಿರುತ್ತೆ. ಒಳ್ಳೆ ದಿನ ಗ್ಲೈಡರ್ ಸುತ್ತುತ್ತಿರೋದೂ ಅದೇ ಎತ್ತರದಲ್ಲೇ. ರನ್‌ವೇ ನೇರಕ್ಕೆ ಎಷ್ಟೇ ಒಳ್ಳೆ ಥರ್ಮಲ್ ಇದ್ದರೂ ಅಲ್ಲಿ ಸುತ್ತುಹಾಕಬೇಡಿ ಅಂತ ಕಲಿಸೋದು ಇದಕ್ಕೇ.

ದಾರಿ ಬಿಡಬೇಕಾದವರು ಯಾರು? ದೊಡ್ಡವರೋ, ಸಣ್ಣವರೋ?

ಕೇಳಿದರೆ ಖುಷಿಯಾಗುತ್ತೆ: ನಿಯಮದ ಪ್ರಕಾರ ದೊಡ್ಡವರೇ. ಎರಡು ವಿಮಾನದ ದಾರಿ ಒಂದೇ ಎತ್ತರದಲ್ಲಿ ಕೂಡುವ ಹಾಗಿದ್ದರೆ ಇಂಜಿನ್ ಇರೋದು ಗ್ಲೈಡರ್‌ಗೆ ದಾರಿ ಬಿಡಬೇಕು. ಗ್ಲೈಡರ್ ಬಲೂನಿಗೆ ಬಿಡಬೇಕು, ಯಾಕಂದ್ರೆ ಬಲೂನ್ ಪಾಪ ಎಲ್ಲಿಗೂ ತಿರುಗಲಾರದು. ಯಾರಿಗೆ ತಿರುಗೋದು ಕಷ್ಟವೋ ಅವರಿಗೆ ದಾರಿ, ಇಷ್ಟೇ ಲೆಕ್ಕ. ಎದುರುಬದುರು ಬಂದರೆ ಮಾತ್ರ ಇಬ್ಬರೂ ಬಲಕ್ಕೆ ತಿರುಗಬೇಕು. ಹಿಂದಿನಿಂದ ದಾಟುವವರು ಬಲಕ್ಕೆ ಸರಿದು ದಾಟಬೇಕು. ನಾವು ರಸ್ತೆಯಲ್ಲಿ ಎಡಕ್ಕೆ ಸರಿದು ಬೆಳೆದವರು. ಹೊಸಬರಿಗೆ ಮೊದಮೊದಲು ಕಾಲು ಎಡದ ರಡ್ಡರ್ (ಮೂತಿ ತಿರುಗಿಸುವ ಪೆಡಲ್) ಕಡೆಗೇ ಎಳೆಯುತ್ತೆ. ನನಗೂ ಎಳೆದಿತ್ತು.

ಆದರೆ ಈ ನಿಯಮವನ್ನು ನಾನು ಹುಡುಗರಿಗೆ ಹೇಳೋಕೆ ಸ್ವಲ್ಪ ಹೆದರುತ್ತೇನೆ. ದಾರಿ ನನ್ನದು ಅಂತ ತಲೆಯಲ್ಲಿ ಕೂತರೆ ಕಣ್ಣು ಮಂಕಾಗುತ್ತೆ. ಜೇವರ್ಗಿ ರಸ್ತೆಯಲ್ಲಿ ಮೇನ್ ರೋಡು ನನ್ನದು ಅಂತ ಸೈಕಲ್ ಮೇಲೆ ನೀವು ನೇರ ಹೋಗ್ತೀರಾ, ಅಡ್ಡರಸ್ತೆಯಿಂದ ಬರೋ ಲಾರಿಯನ್ನು ನೋಡದೇ? ದಾರಿ ಬಿಡಬೇಕಾದರೆ ಅವನಿಗೆ ನೀವು ಮೊದಲು ಕಾಣಬೇಕು. ಅವನಿಗೆ ನೀವು ಕಾಣೋದಿಲ್ಲ ಅಂತಲೇ ಇಟ್ಟುಕೊಂಡು ಹಾರಿ.

ಅಷ್ಟು ದೊಡ್ಡ ರೆಕ್ಕೆ ಇದೆಯಲ್ಲ, ಯಾಕೆ ಕಾಣೋಲ್ಲ?

ಇದು ಈ ಪುಟದ ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ನೋಡೋಣ.

ಗ್ಲೈಡರ್ ರೆಕ್ಕೆ ತುದಿಯಿಂದ ತುದಿಗೆ 15 ಮೀಟರ್ ಇರಬಹುದು. ಆದರೆ ಎದುರಿನಿಂದ ನೋಡಿದರೆ ಅದು ತೆಳ್ಳನೆಯ ಗೆರೆ, ದೂರಕ್ಕೆ ಕರಗಿಹೋಗುತ್ತೆ. ಉಳಿಯೋದು ಒಡಲು ಮಾತ್ರ. ಅದರ ಅಗಲ ಒಬ್ಬ ಮನುಷ್ಯನ ಭುಜದಷ್ಟು, ಸುಮಾರು 60 ಸೆಂಟಿಮೀಟರ್. ಎರಡು ಕಿಲೋಮೀಟರ್ ದೂರದಿಂದ ಅದು ಎಷ್ಟು ಕಾಣುತ್ತೆ ಗೊತ್ತಾ? ಒಂದು ಜೋಳದ ಕಾಳನ್ನು ಅಂಗಳದ ಆ ತುದಿಯಲ್ಲಿಟ್ಟು 15 ಹೆಜ್ಜೆ ಆಚೆಯಿಂದ ನೋಡಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಒಳ್ಳೆ ಕಣ್ಣಿನ ಶಕ್ತಿಗೆ ಅದೇ ಕೊನೆ ಗಡಿ. ಅದೂ ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿದ್ದರೆ.

ಈಗ ವೇಗ ಸೇರಿಸಿ. 10,000 ಅಡಿಗಿಂತ ಕೆಳಗೆ ಪ್ರಯಾಣಿಕರ ವಿಮಾನಗಳಿಗೆ ಸಾಮಾನ್ಯವಾಗಿ ಇರುವ ಮಿತಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. ಗ್ಲೈಡರ್‌ದು 110 ಅಂತ ಇಟ್ಟುಕೊಳ್ಳಿ. ಎದುರುಬದುರಾದರೆ ನಡುವಿನ ದೂರ ಸೆಕೆಂಡಿಗೆ ಸುಮಾರು 160 ಮೀಟರ್ ಕರಗುತ್ತೆ. ಕಂಡಿದ್ದು ಏನು ಅಂತ ತಿಳಿದು, ಅದು ನನ್ನ ಮೇಲೇ ಬರ್ತಿದೆ ಅಂತ ಹೊಳೆದು, ಎತ್ತ ತಿರುಗಬೇಕು ಅಂತ ತೀರ್ಮಾನಿಸಿ, ಕೈ ಆಡಿ, ವಿಮಾನ ನಿಜವಾಗಿ ತಿರುಗೋಕೆ ಒಟ್ಟು 12.5 ಸೆಕೆಂಡ್ ಬೇಕು ಅಂತ ವಾಯುಯಾನದವರು ಲೆಕ್ಕ ಹಾಕಿದ್ದಾರೆ. ಇದರಲ್ಲಿ ಕೈ ಆಡೋದು ಅರ್ಧ ಸೆಕೆಂಡ್ ಕೂಡ ಅಲ್ಲ. ಐದು ಸೆಕೆಂಡ್ ಹೋಗೋದು ಡಿಕ್ಕಿ ಆಗುತ್ತೆ ಅನ್ನೋದು ಹೊಳೆಯೋಕೆ, ಇನ್ನು ನಾಲ್ಕು ತೀರ್ಮಾನಕ್ಕೆ. ಗುಣಿಸಿ ನೋಡಿ: 160 ಸಲ 12.5, ಎರಡು ಕಿಲೋಮೀಟರ್. ಜೋಳದ ಕಾಳು ಕಾಣೋಕೆ ಶುರುವಾಗುವ ಹೊತ್ತಿಗೆ ಅವರ ಸಮಯ ಮುಗಿದಿರುತ್ತೆ.

ನಿಮ್ಮ ಕಡೆಯಿಂದ ಲೆಕ್ಕ ಸ್ವಲ್ಪ ವಾಸಿ. ಎಟಿಆರ್‌ನಂಥ ಸಣ್ಣ ಪ್ರಯಾಣಿಕರ ವಿಮಾನದ ರೆಕ್ಕೆ 27 ಮೀಟರ್, ಒಡಲೂ ದಪ್ಪ, ಎರಡು ಇಂಜಿನ್ ಬೇರೆ. ಅದು ನಿಮಗೆ ಬೇಗ ಕಾಣುತ್ತೆ. ಜೊತೆಗೆ ಅವರ ಕಾಕ್‌ಪಿಟ್ ಕಿಟಕಿ ಸಣ್ಣದು, ಇಳಿಯುವ ಹೊತ್ತಿಗೆ ಕೈತುಂಬ ಕೆಲಸ. ನೀವು ಕೂತಿರೋದು ಸುತ್ತ ಗಾಜಿನ ಗುಳ್ಳೆಯೊಳಗೆ. ನೋಡುವ ಕೆಲಸ ನಿಮ್ಮದೇ ಅಂತ ನಾನು ಹಟ ಹಿಡಿಯೋದು ಇದಕ್ಕೆ.

ಡಿಕ್ಕಿಗೆ ಬರ್ತಿರೋ ವಿಮಾನ ಯಾವುದು, ಸುಮ್ನೆ ದಾಟಿ ಹೋಗೋದು ಯಾವುದು? ಹೇಗೆ ಗೊತ್ತಾಗುತ್ತೆ?

ಕ್ಯಾನಪಿ, ಅಂದರೆ ತಲೆ ಮೇಲಿನ ಗಾಜಿನಂಥ ಮುಚ್ಚಳ, ಅದರ ಮೇಲೆ ಆ ವಿಮಾನ ಜರುಗುತ್ತಿದೆಯಾ ನೋಡಿ. ಮುಂದಕ್ಕೋ ಹಿಂದಕ್ಕೋ ಜರುಗುತ್ತಿದ್ದರೆ ದಾಟಿ ಹೋಗುತ್ತೆ. ಗಾಜಿಗೆ ಅಂಟಿಕೊಂಡ ನೊಣದ ಹಾಗೆ ಒಂದೇ ಜಾಗದಲ್ಲಿ ನಿಂತಿದ್ದರೆ ಅದೇ ಅಪಾಯ. ಆ ಚುಕ್ಕೆ ತುಂಬ ಹೊತ್ತು ಚುಕ್ಕೆಯಾಗೇ ಇರುತ್ತೆ. ದೂರ ಅರ್ಧವಾದಾಗಲೆಲ್ಲ ಗಾತ್ರ ಎರಡು ಪಟ್ಟು. ಹಾಗಾಗಿ ಕೊನೆಯ ಕೆಲವೇ ಸೆಕೆಂಡಿನಲ್ಲಿ ಒಮ್ಮೆಲೇ ಉಬ್ಬಿಬಿಡುತ್ತೆ.

ನಮ್ಮ ಬಯಲು ರಸ್ತೆಯಲ್ಲಿ ಇದನ್ನು ನೀವು ನೋಡಿರುತ್ತೀರಿ. ಬೈಕಿನಲ್ಲಿ ಒಂದೇ ವೇಗದಲ್ಲಿ ಹೊರಟಿದ್ದೀರಿ, ಅಡ್ಡದಾರಿಯಿಂದ ಕಬ್ಬಿನ ಟ್ರ್ಯಾಕ್ಟರ್ ಬರ್ತಾ ಇದೆ. ಅದು ನಿಮ್ಮ ಕನ್ನಡಿಯ ಅಂಚಿನಲ್ಲೇ ನಿಂತ ಹಾಗಿದ್ದರೆ ಕ್ರಾಸ್‌ನಲ್ಲಿ ಇಬ್ಬರೂ ಒಟ್ಟಿಗೆ ಸೇರುತ್ತೀರಿ. ಕಣ್ಣಿಗೆ ಅದು ಬರ್ತಿದೆ ಅನ್ನಿಸೋದೇ ಇಲ್ಲ, ಯಾಕಂದ್ರೆ ನಮ್ಮ ಕಣ್ಣು ಅಲುಗಾಡುವುದನ್ನು ಬೇಗ ಹಿಡಿಯುತ್ತೆ, ನಿಂತಿದ್ದನ್ನು ಬಿಟ್ಟುಬಿಡುತ್ತೆ. ಗ್ಲೈಡರ್‌ನಲ್ಲಿ ಅನುಮಾನ ಬಂದರೆ ಸ್ವಲ್ಪ ದಿಕ್ಕು ಬದಲಿಸಿ, ಚುಕ್ಕೆ ಜರುಗುತ್ತಾ ನೋಡಿ.

ಕಣ್ಣು ಆಡಿಸೋಕೂ ಕ್ರಮ ಇದೆಯಾ?

ಇದೆ. ತೋಳು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ. ಆ ಬೆರಳಿನ ಅಗಲ ಸುಮಾರು 2 ಡಿಗ್ರಿ. ನಮ್ಮ ಕಣ್ಣು ಚೂಪಾಗಿ ನೋಡೋದು ಅಷ್ಟನ್ನು ಮಾತ್ರ. ಈಗ ಮುಷ್ಟಿ ಹಿಡಿಯಿರಿ. ಅದು ಸುಮಾರು 10 ಡಿಗ್ರಿ. ಆಕಾಶವನ್ನು ಮುಷ್ಟಿ ಮುಷ್ಟಿಯಾಗಿ ನೋಡಬೇಕು. ಒಂದೊಂದು ಮುಷ್ಟಿಗೆ ಕನಿಷ್ಠ ಒಂದು ಸೆಕೆಂಡ್ ನಿಲ್ಲಿಸಿ, ಆಮೇಲೆ ಮುಂದಿನದು. ಸರ್ರನೆ ಕಣ್ಣು ಓಡಿಸಿದರೆ ನೋಡಿದ ಹಾಗೆ ಅನ್ನಿಸುತ್ತೆ, ಕಾಣೋದೇನೂ ಇಲ್ಲ.

ಎಡ ಭುಜದಿಂದ ಬಲ ಭುಜದವರೆಗೆ ಹದಿನೆಂಟು ಮುಷ್ಟಿ. ಅಂದರೆ ಹದಿನೆಂಟು ಸೆಕೆಂಡ್, ಒಂದೇ ಸಾಲಿಗೆ. 12.5ರ ಲೆಕ್ಕ ಈಗಷ್ಟೇ ಮಾಡಿದ್ದೇವೆ, ಅಲ್ವಾ? ಹಾಗಾಗಿ ಪೂರ್ತಿ ಆಕಾಶ ನೋಡಿ ಮುಗಿಸಿದೆ ಅನ್ನುವ ಹೊತ್ತೇ ಬರೋದಿಲ್ಲ. ದಿಗಂತದ ಸಾಲಿಗೆ ಜಾಸ್ತಿ ಹೊತ್ತು ಕೊಡಿ, ನಿಮ್ಮ ಎತ್ತರದಲ್ಲಿರೋರು ಆ ಸಾಲಿನಲ್ಲೇ ಕಾಣೋದು. ತಿರುಗುವ ಮುಂಚೆ ತಿರುಗುವ ಕಡೆ ಭುಜದ ಹಿಂದಿನವರೆಗೂ ನೋಡಿ. ನೋಡದ ಕಡೆಗೆ ರೆಕ್ಕೆ ವಾಲಿಸಬೇಡಿ.

ಇನ್ನೊಂದು ಮೋಸ ಇದೆ. ಬರೀ ನೀಲಿ ಆಕಾಶ ನೋಡ್ತಾ ಇದ್ದರೆ ಕಣ್ಣಿಗೆ ಹಿಡಿಯೋಕೆ ಏನೂ ಸಿಗದೆ, ತಾನಾಗೇ ಒಂದೆರಡು ಮೀಟರ್ ದೂರಕ್ಕೆ ಫೋಕಸ್ ಮಾಡಿಕೊಂಡುಬಿಡುತ್ತೆ. ಆಗಾಗ ದೂರದ ಗಟ್ಟಿ ವಸ್ತು ಒಂದನ್ನು ನೋಡಿ ಮತ್ತೆ ಆಕಾಶಕ್ಕೆ ಬನ್ನಿ. ನಮ್ಮ ಕಡೆಯಾದರೆ ವಾಡಿ, ಶಹಾಬಾದ್ ಸಿಮೆಂಟ್ ಕಾರ್ಖಾನೆಯ ಚಿಮಣಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ನನ್ನದೇ ಒಂದು ತಪ್ಪು ಹೇಳ್ತೀನಿ. ಕಲಿಯುವಾಗ ನನ್ನ ಕಣ್ಣು ಸದಾ ವೇರಿಯೋಮೀಟರ್ ಮೇಲೇ. ಮೇಲೇರುತ್ತಿದ್ದೇವಾ, ಇಳಿಯುತ್ತಿದ್ದೇವಾ ತೋರಿಸುವ ಸಣ್ಣ ಮುಳ್ಳು ಅದು. ಒಂದು ಮಧ್ಯಾಹ್ನ ಒಳ್ಳೆ ಥರ್ಮಲ್ ಸಿಕ್ಕಿತ್ತು, ನಾಲ್ಕು ಹದ್ದುಗಳ ಜೊತೆ ಸುತ್ತುತ್ತಿದ್ದೆ, ಮುಳ್ಳು ಮೇಲಿತ್ತು, ನನಗೆ ಸ್ವರ್ಗ. ಹಿಂದಿನ ಸೀಟಿನಿಂದ ಸರ್ ಕೇಳಿದರು, "ಎಡಕ್ಕೆ ಏನಿದೆ?" ನೋಡಿದೆ. ಎರಡು ಪ್ರೊಪೆಲರ್‌ನ ವಿಮಾನ, ನಮ್ಮದೇ ಎತ್ತರ, ಕಿಟಕಿ ಎಣಿಸುವಷ್ಟು ಹತ್ತಿರ. ಅವರು ಯಾವಾಗಲೋ ನೋಡಿದ್ದರು, ದಾಟಿ ಹೋಗುತ್ತೆ ಅಂತಲೂ ಖಾತ್ರಿ ಮಾಡಿಕೊಂಡಿದ್ದರು, ನಾನು ಯಾವಾಗ ನೋಡ್ತೀನಿ ಅಂತ ಕಾಯ್ತಾ ಇದ್ದರು. ಮರುದಿನ ವೇರಿಯೋಮೀಟರ್ ಮೇಲೆ ಕರ್ಚೀಫು ಸಿಕ್ಕಿಸಿದ್ದರು. ಏರ್ತಿದ್ದೀವಾ ಇಲ್ವಾ ಹೇಗೆ ಗೊತ್ತಾಗಬೇಕು ಸರ್ ಅಂದೆ. "ಕುಂಡಿಗೆ ಗೊತ್ತಾಗುತ್ತೆ, ಹೊರಗೆ ನೋಡು" ಅಂದರು. ನಿಜ, ಸೀಟು ಕೆಳಗಿನಿಂದ ಒತ್ತೋದು ತಿಳಿಯುತ್ತೆ.

ಗ್ಲೈಡರ್‌ಗೆ ಕಣ್ಣಿಗೆ ಹೊಡೆಯೋ ಬಣ್ಣ ಹಚ್ಚಬಾರದಾ? ಎಲ್ಲ ಬಿಳಿ ಯಾಕೆ?

ಈಗಿನ ಗ್ಲೈಡರ್‌ಗಳು ಫೈಬರ್ ಮತ್ತು ರಾಳದ್ದು. ಗಾಢ ಬಣ್ಣ ಬಿಸಿಲು ಹೀರಿಕೊಂಡರೆ ರಾಳ ಮೆತ್ತಗಾಗುತ್ತೆ, ಅದಕ್ಕೇ ಬಿಳಿ. ಬಿಳಿ ಮೋಡದ ಮುಂದೆ ಬಿಳಿ ಗ್ಲೈಡರ್, ಹಾಲಿನಲ್ಲಿ ಸುಣ್ಣ ಹುಡುಕಿದ ಹಾಗೆ. ರೆಕ್ಕೆ ತುದಿಗೆ, ಮೂತಿಗೆ, ಬಾಲಕ್ಕೆ ಕೆಂಪು ಅಥವಾ ಕೇಸರಿ ಪಟ್ಟಿ ಹಚ್ಚುತ್ತಾರೆ.

ಎಟಿಸಿ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, ರಾಡಾರ್‌ನಲ್ಲಿ ನೋಡಿ ದೊಡ್ಡ ವಿಮಾನಕ್ಕೆ ಹೇಳಲ್ವಾ?

ರಾಡಾರ್ ಕೇಳಿದಾಗ ನಾನು ಇಂಥವನು, ಇಷ್ಟು ಎತ್ತರದಲ್ಲಿದ್ದೀನಿ ಅಂತ ಉತ್ತರ ಕೊಡುವ ಪೆಟ್ಟಿಗೆಗೆ ಟ್ರಾನ್ಸ್‌ಪಾಂಡರ್ ಅನ್ನುತ್ತಾರೆ. ಅದು ಇಲ್ಲದ ಗ್ಲೈಡರ್ ರಾಡಾರ್ ಪರದೆಯಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ದೊಡ್ಡ ವಿಮಾನದಲ್ಲಿ ಟಿಕಾಸ್ ಅನ್ನುವ ಇನ್ನೊಂದು ಯಂತ್ರ ಇರುತ್ತೆ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಜೊತೆ ತಾನೇ ಮಾತಾಡಿ, ಏರು ಅಥವಾ ಇಳಿ ಅಂತ ಪೈಲಟ್‌ಗೆ ಹೇಳುತ್ತೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ದೊಡ್ಡ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಅದಾದ ಮೇಲೆ ನಮ್ಮ ದೇಶದಲ್ಲಿ ಟಿಕಾಸ್ ಕಡ್ಡಾಯ ಮಾಡಿದರು. ಆದರೆ ಟ್ರಾನ್ಸ್‌ಪಾಂಡರ್ ಇಲ್ಲದ ಗ್ಲೈಡರ್ ಟಿಕಾಸ್ ಪಾಲಿಗೆ ಇಲ್ಲವೇ ಇಲ್ಲ.

ಇದ್ದೂ ಆರಿಸಿಟ್ಟರೂ ಅಷ್ಟೇ. 2006ರ ಆಗಸ್ಟ್ 28ರಂದು ಅಮೆರಿಕದ ನೆವಾಡಾದಲ್ಲಿ, ಸುಮಾರು 16,000 ಅಡಿ ಎತ್ತರದಲ್ಲಿ, ಥರ್ಮಲ್‌ನಲ್ಲಿ ಸುತ್ತುತ್ತಿದ್ದ ಗ್ಲೈಡರ್‌ಗೂ ಒಂದು ಹಾಕರ್ ಬಿಸಿನೆಸ್ ಜೆಟ್‌ಗೂ ಡಿಕ್ಕಿಯಾಯಿತು. ಗ್ಲೈಡರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಬ್ಯಾಟರಿ ಉಳಿಸೋಕೆ ಆರಿಸಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಕೊನೆ ಕ್ಷಣದಲ್ಲಿ. ಗ್ಲೈಡರ್ ಪೈಲಟ್ ಪ್ಯಾರಾಚೂಟ್‌ನಲ್ಲಿ ಜಿಗಿದರು. ಮೂತಿ ಕಿತ್ತುಹೋದ ಜೆಟ್ ಚಕ್ರ ಇಳಿಸದೇ ಹೊಟ್ಟೆ ಮೇಲೆ ಇಳಿಯಿತು. ಎಲ್ಲರೂ ಬದುಕಿದರು, ಇದು ಪವಾಡವೇ. ಮಗನಿಗೆ ಪ್ಯಾರಾಚೂಟ್ ಕೊಡ್ತಾರಾ ಅಂತ ಕೇಳುವ ಅಮ್ಮಂದಿರಿಗೆ ಇದೇ ಉತ್ತರ: ಕಟ್ಟಿಕೊಳ್ಳೋದನ್ನು ತಮಾಷೆ ಮಾಡಬಾರದು. ಬ್ಯಾಟರಿಯನ್ನು ಹಿಂದಿನ ರಾತ್ರಿಯೇ ಚಾರ್ಜ್‌ಗೆ ಹಾಕಿ.

ಫ್ಲಾರ್ಮ್ ಹಾಕಿಸಿದರೆ ಸಾಕಲ್ವಾ?

ಗ್ಲೈಡರ್‌ಗಳು ಪರಸ್ಪರ ಗುರುತು ಹಿಡಿಯೋಕೆ ಸ್ವಿಟ್ಜರ್ಲೆಂಡ್‌ನಲ್ಲಿ 2004ರ ಹೊತ್ತಿಗೆ ಬಂದ ಯಂತ್ರ ಅದು. ಬ್ಯಾಟರಿ ಜಾಸ್ತಿ ತಿನ್ನಲ್ಲ, ಗ್ಲೈಡರ್ ಗುಂಪಿನಲ್ಲಿ ಬಹಳ ಉಪಯೋಗ. ಆದರೆ ಪ್ರಯಾಣಿಕರ ವಿಮಾನದ ಟಿಕಾಸ್‌ಗೆ ಫ್ಲಾರ್ಮ್ ಭಾಷೆ ಬರೋದಿಲ್ಲ. ದೊಡ್ಡವರಿಗೆ ಕಾಣಬೇಕಾದರೆ ಟ್ರಾನ್ಸ್‌ಪಾಂಡರ್ ಬೇಕೇ ಬೇಕು.

ಕಂಡಿತು, ನೇರ ನನ್ನ ಮೇಲೇ ಬರ್ತಿದೆ. ಏನ್ ಮಾಡ್ಲಿ?

ಎದುರಿಗಿದ್ದರೆ ಬಲಕ್ಕೆ ತಿರುಗಿ, ಹೊತ್ತು ಕಡಿಮೆ ಇದ್ದರೆ ಕಡಿದಾಗಿ. ವಾಲಿದಾಗ ಇನ್ನೊಂದು ಲಾಭ: ತೆಳ್ಳನೆ ಗೆರೆಯಾಗಿದ್ದ ರೆಕ್ಕೆಯ ಪೂರ್ತಿ ಅಗಲ ಅವರ ಕಡೆ ಮಿಂಚುತ್ತೆ, ನೀವು ಕಾಣುತ್ತೀರಿ. ಪಕ್ಕದಿಂದ ಬರ್ತಿದ್ದರೆ ಅವರ ಹಿಂದಕ್ಕೆ ಹೋಗುವ ಹಾಗೆ ತಿರುಗಿ, ಮುಂದೆ ನುಗ್ಗಬೇಡಿ. ಇಂಜಿನ್ ಇಲ್ಲದ್ದಕ್ಕೆ ಏರಿ ತಪ್ಪಿಸಿಕೊಳ್ಳೋ ದಾರಿ ಕಡಿಮೆ. ಇಳಿಯೋದು ಮಾತ್ರ ಗ್ಲೈಡರ್‌ಗೆ ಸಲೀಸು. ಮೂತಿ ಕೆಳಗೆ ಮಾಡಿ, ಏರ್‌ಬ್ರೇಕ್ ಎಳೆಯಿರಿ, ಎತ್ತರ ಬೇಗ ಕಳೆಯುತ್ತೆ. ಕಷ್ಟಪಟ್ಟು ಗಳಿಸಿದ ಎತ್ತರ ಹೋಯ್ತಲ್ಲ ಅಂತ ಹೊಟ್ಟೆ ಉರಿಯುತ್ತೆ. ಉರಿಯಲಿ.

ತಪ್ಪಿಸಿಕೊಂಡ ಮೇಲೆ ಅದನ್ನೇ ನೋಡ್ತಾ ಕೂರಬೇಡಿ. ಒಂದು ಇದ್ದ ಕಡೆ ಎರಡನೇದೂ ಇರುತ್ತೆ.

ದಾಟಿ ಹೋಯಿತಲ್ಲ, ಇನ್ನೇನು ಭಯ?

ಅದರ ಗಾಳಿ. ದೊಡ್ಡ ವಿಮಾನದ ರೆಕ್ಕೆ ತುದಿಯಿಂದ ಎರಡು ಸುಳಿ ಏಳುತ್ತವೆ. ಅವು ನಿಮಿಷಕ್ಕೆ ಕೆಲವು ನೂರು ಅಡಿ ಕೆಳಗಿಳಿಯುತ್ತಾ ಎರಡು ಮೂರು ನಿಮಿಷ ಉಳಿಯಬಹುದು. ಕಣ್ಣಿಗೆ ಕಾಣೋಲ್ಲ. ಗ್ಲೈಡರನ್ನು ಅಂಗಾತ ಮಾಡಿಬಿಡುವಷ್ಟು ಜೋರಿರುತ್ತೆ. ಅದು ಹೋದ ದಾರಿಯ ಹಿಂದೆ, ಕೆಳಗೆ ಹೋಗಬೇಡಿ. ದಾಟಲೇಬೇಕಾದರೆ ಅದರ ದಾರಿಗಿಂತ ಮೇಲಿನಿಂದ, ಗಾಳಿ ಬೀಸಿಬರುವ ಕಡೆಯಿಂದ ದಾಟಿ.

ಬೀದರ್ ಜೆಟ್‌ಗಳು ಪ್ರಯಾಣಿಕರ ವಿಮಾನಕ್ಕಿಂತ ಸಣ್ಣವು. ಭಯ ಕಡಿಮೆ, ಅಲ್ವಾ?

ತಿರುಗಾಮುರುಗಾ. ಬೀದರ್ ವಾಯುಪಡೆ ನೆಲೆಯಲ್ಲಿ 2008ರಿಂದ ಹಾಕ್ ಜೆಟ್‌ಗಳಲ್ಲಿ ಪೈಲಟ್‌ಗಳು ತಯಾರಾಗುತ್ತಾರೆ. ಸೂರ್ಯಕಿರಣ್ ತಂಡದ ಮನೆಯೂ ಅದೇ. ಹಾಕ್‌ನ ರೆಕ್ಕೆ ಹತ್ತು ಮೀಟರ್ ಒಳಗೆ, ಗ್ಲೈಡರ್‌ಗಿಂತಲೂ ಗಿಡ್ಡ. ಎದುರಿನಿಂದ ಅದೂ ಒಂದು ಕಾಳೇ. ಗಂಟೆಗೆ 750 ಕಿಲೋಮೀಟರ್ ದಾಟಿ ಕೆಳಮಟ್ಟದಲ್ಲಿ ಬಂದರೆ ಆ 12.5 ಸೆಕೆಂಡಿಗೆ ಮೂರು ಕಿಲೋಮೀಟರ್ ಬೇಕು. ಶಬ್ದ ಕೇಳಿ ತಿರುಗಿ ನೋಡ್ತೀನಿ ಅಂದರೆ ಅದು ಹಿಂದೆ ಬರುವ ಶಬ್ದ. ಇಂಥ ಕಡೆ ಕಣ್ಣನ್ನು ನಂಬುವ ಪ್ರಶ್ನೆಯೇ ಇಲ್ಲ. ವಾಯುಪಡೆಯ ಅನುಮತಿ ಇಲ್ಲದೆ ಆ ಆಕಾಶಕ್ಕೆ ಹೋಗಬಾರದು, ಮುಗೀತು. ಹಾರುವ ಮುಂಚೆ ಆ ದಿನದ ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ, ಓದಿಕೊಳ್ಳಬೇಕು.

ಧೂಳು, ಮೋಡ ಇದ್ದಾಗ?

ಮೇ ತಿಂಗಳ ಮಧ್ಯಾಹ್ನ ನಮ್ಮ ದಿಗಂತ ಕಾಣೋದೇ ಇಲ್ಲ, ಬೂದಿ ಬಳಿದ ಹಾಗಿರುತ್ತೆ. ಥರ್ಮಲ್‌ಗೆ ಅತಿ ಒಳ್ಳೆ ಹೊತ್ತು, ನೋಡೋಕೆ ಅತಿ ಕೆಟ್ಟ ಹೊತ್ತು. ಮೋಡದ ತಳಕ್ಕೆ ತಲೆ ತಾಗಿಸಿಕೊಂಡು ಸುತ್ತುವ ಆಸೆಯೂ ಅಂಥದ್ದೇ. ಉಪಕರಣ ನೋಡಿಕೊಂಡು ಮೋಡದೊಳಗೆ ಇಳಿಯುತ್ತಿರುವ ವಿಮಾನ ನಿಮ್ಮ ನೆತ್ತಿ ಮೇಲೆ ಹೊರಬರಬಹುದು. ಮೋಡದಿಂದ 1,000 ಅಡಿ ಕೆಳಗೆ, 1,500 ಮೀಟರ್ ಪಕ್ಕಕ್ಕೆ ಇರಬೇಕು ಅನ್ನೋ ನಿಯಮ ಹುಟ್ಟಿದ್ದು ಇದಕ್ಕೆ. ಕ್ಯಾನಪಿ ಒರೆಸಿಕೊಂಡೇ ಹೊರಡಿ. ಮುಂದೆ ಚಾಚಿದ ಟೋಪಿ ಬೇಡ, ಅದು ಮೇಲಿನ ಅರ್ಧ ಆಕಾಶ ತಿಂದುಬಿಡುತ್ತೆ.

ರೇಡಿಯೋದಲ್ಲಿ ಮಾತಾಡೋಕೆ ಇಂಗ್ಲಿಷ್ ಚೆನ್ನಾಗಿ ಬರಬೇಕಾ?

ಹತ್ತಿಪ್ಪತ್ತು ವಾಕ್ಯ ಸಾಕು. ನಾಚಿಕೆಯಿಂದ ಸುಮ್ಮನಿರೋದೇ ತಪ್ಪು. ಎಲ್ಲಿದ್ದೀನಿ, ಎಷ್ಟು ಎತ್ತರ, ಏನು ಮಾಡ್ತಿದ್ದೀನಿ, ಇಷ್ಟು ಹೇಳಿದರೆ ಬೇರೆಯವರು ಸರಿಯಾದ ಕಡೆ ನೋಡುತ್ತಾರೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದು ಹುಡುಕಿದರೆ, ಗೊತ್ತಿಲ್ಲದೆ ಹುಡುಕುವುದಕ್ಕಿಂತ ಸುಮಾರು ಎಂಟು ಪಟ್ಟು ಬೇಗ ಕಾಣುತ್ತೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ: ಮೂತಿ ಹನ್ನೆರಡು ಗಂಟೆ, ಬಲ ರೆಕ್ಕೆ ಮೂರು ಗಂಟೆ.

ಗ್ಲೈಡರ್ ಇಲ್ಲದೆ ಇಲ್ಲೇ ಅಭ್ಯಾಸ ಮಾಡಬಹುದಾ?

ಧಾರಾಳವಾಗಿ. ಮಾಳಿಗೆ ಹತ್ತಿ. ಇಳಿಯುವ ವಿಮಾನದ ಸಮಯ ಮೊಬೈಲ್‌ನಲ್ಲಿ ನೋಡಿಕೊಳ್ಳಿ, ಆದರೆ ಯಾವ ದಿಕ್ಕು ಅಂತ ನೋಡಬೇಡಿ. ಮುಷ್ಟಿ ಮುಷ್ಟಿಯಾಗಿ ಹುಡುಕಿ, ಶಬ್ದ ಕೇಳುವ ಮುಂಚೆ ಹಿಡಿಯಬೇಕು. ಸಿಕ್ಕ ಮೇಲೆ ನೀರಿನ ಟ್ಯಾಂಕಿನ ಅಂಚಿಗೆ ಹೋಲಿಸಿ, ಎಷ್ಟು ಜರುಗುತ್ತೆ ನೋಡಿ.

ಬೇಸಿಗೆಯಲ್ಲಿ ನಾನು ಹೀಗೆ ನಿಂತಿದ್ದಾಗ ಅವ್ವ ಪಕ್ಕದಲ್ಲಿ ಶಾವಿಗೆ ಒಣಹಾಕ್ತಾ ಇರ್ತಾಳೆ, ಕಾಗೆ ಬರುತ್ತಾ ಅಂತ ಒಂದು ಕಣ್ಣು ಮೇಲೆ. ಹತ್ತು ಸಲದಲ್ಲಿ ಆರು ಸಲ ಅವಳೇ ಮೊದಲು ಹೇಳೋದು: "ಅಲ್ಲಿ ನೋಡಪಾ, ದರ್ಗಾದ ಗುಮ್ಮಟದ ಬಲಕ್ಕ, ಒಂದ್ ಚಿಕ್ಕಿ."